ಚಹಾದಲ್ಲಿ ಅದ್ದಿದ ಹಾಡು

ಆಂಬ್ರೋಸ್ ಗಾರ್ಸೈಡ್‌ನ ಗ್ರಹಚಾರ ಕೆಟ್ಟದ್ದು ಒಂದಿಟ್ಟಿಗೆ ದಪ್ಪದ ಗೋಡೆಯಿಂದ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿನ ಆ ಸಾಲುಮನೆಗಳಲ್ಲಿ ಗೋಡೆಯ ಈಚೆ ಅವನು ಗಿಟಾರ್ ಹಿಡಿದು ಗೋಳಾಡುತ್ತಿದ್ದ, ಆಚೆ ಎಂಬತ್ತು ದಾಟಿದ ಎಡ್ನಾ ಅಜ್ಜಿ ಆಲೂಗಡ್ಡೆ ಹೆರೆಯುತ್ತಿದ್ದಳು. ತಾನು ಯಾವ ರೆಕಾರ್ಡಿಂಗ್ ಕಂಪನಿಯ ಹಂಗೂ ಇಲ್ಲದ ಸ್ವತಂತ್ರ ಜಾನಪದ ಗಾಯಕ ಎಂದು ಅವನು ಹೇಳಿಕೊಳ್ಳುತ್ತಿದ್ದ. ಯಾವ ಕಂಪನಿಯೂ ಅವನನ್ನು ಕರೆದಿರಲಿಲ್ಲ ಎಂಬುದು ಬೇರೆ ಮಾತು. ಹನ್ನೊಂದು ವರ್ಷದಲ್ಲಿ ನಾಲ್ಕು ಆಲ್ಬಮ್ ತಂದಿದ್ದ. ನಾಲ್ಕೂ ಅವನ ಮಂಚದ ಕೆಳಗೆ ಭದ್ರವಾಗಿದ್ದವು.

ದಕ್ಷಿಣ ಇಂಗ್ಲೆಂಡಿನ ಹಲ್ಲಿನ ಡಾಕ್ಟರೊಬ್ಬರ ಮಗ ಇವನು. ಆದರೂ ತಲೆಗೆ ಕುರಿಕಾಯುವವರ ಟೋಪಿ, ಮೈಗೆ ಯಾರದೋ ಅಜ್ಜನ ವೇಸ್ಟ್‌ಕೋಟು. 'ಹಾಡು ನಾನು ಬರೆಯುವುದಿಲ್ಲ, ಈ ಬೆಟ್ಟಗಳು ಬರೆಯುತ್ತವೆ' ಎಂದು ಪೋಸ್ಟರ್ ಮಾಡಿಸಿ ಊರೆಲ್ಲ ಅಂಟಿಸಿದ್ದ. ಬೆಟ್ಟಗಳು ಪಾಪ, ಸುಮ್ಮನಿದ್ದವು.

ಆ ಭಾನುವಾರ ಮಧ್ಯಾಹ್ನ ಪಬ್ಬಿನ ಹಾಡುಕೂಟಕ್ಕೆ ರೇಡಿಯೋದ ಫಿಲಿಪಾ ಮೈಕು ಹಿಡಿದು ಬಂದಿದ್ದಳು. ತಾನು ಕಟ್ಟಿದ 'ಗಿರಣಿ ಹೊಳೆಯ ಹುಡುಗಿ' ಹಾಡು ಒಮ್ಮೆ ತನ್ನ ಹೆಸರಿನಲ್ಲಿ ರೇಡಿಯೋದಲ್ಲಿ ಬಂದರೆ ಹನ್ನೊಂದು ವರ್ಷದ ಪಾಡು ಸಾರ್ಥಕ ಎಂದು ಆಂಬ್ರೋಸ್ ಕಾದು ಕೂತಿದ್ದ. ಅಲ್ಲಿಯ ಪದ್ಧತಿಯಂತೆ ಕೂತ ಸಾಲಿನಲ್ಲೇ ಒಬ್ಬೊಬ್ಬರು ಹಾಡಬೇಕು, ಪಲ್ಲವಿಗೆ ಎಲ್ಲರೂ ದನಿಗೂಡಿಸಬೇಕು. ಅವನಿಗಿಂತ ಒಂದು ಕುರ್ಚಿ ಮುಂದೆ ಎಡ್ನಾ ಅಜ್ಜಿ ಕೂತಿದ್ದಳು.

ಅಜ್ಜಿ ಕಣ್ಣು ಮುಚ್ಚಿ ಶುರುಮಾಡಿದಳು, 'ಗಿರಣಿ ಹೊಳೆಯ ಹುಡುಗಿ'ಯನ್ನೇ. ಗೋಡೆಯಾಚೆಯಿಂದ ಕಿವಿಗೆ ಬಿದ್ದದ್ದನ್ನು ಅವಳು ಚರ್ಚಿನಲ್ಲಿ, ಬಸ್ಸಿನಲ್ಲಿ, ಮೀನಂಗಡಿಯ ಸಾಲಿನಲ್ಲಿ ಗುನುಗಿ ಗುನುಗಿ ಊರಿಗೆಲ್ಲ ಹಬ್ಬಿಸಿದ್ದಳು. ಪಲ್ಲವಿಗೆ ಇಡೀ ಪಬ್ಬೇ ದನಿಗೂಡಿಸಿತು.

"ಅಜ್ಜೀ, ಅದು ನನ್ನ ಹಾಡು!" ಆಂಬ್ರೋಸ್ ಕಿರುಚಿದ.

"ನಿಂದೇನೋ ಮರಿ? ನಾನು ಎಷ್ಟೋ ವರ್ಷದಿಂದ ಕೇಳ್ತಾ ಇದೀನಲ್ಲ. ಅಡುಗೆಮನೇಲಿ ಕೂತ್ರೆ ತಾನಾಗೇ ಬಾಯಿಗೆ ಬರುತ್ತೆ."

ಬಾಯಿಂದ ಬಾಯಿಗೆ ಬಂದ ಹಳೇ ಜಾನಪದ ಸಿಕ್ಕಿತೆಂದು ಫಿಲಿಪಾಳ ಕಣ್ಣು ತುಂಬಿ ಬಂತು.

"ನಮ್ಮಜ್ಜನೂ ಗಿರಣಿಗೆ ಹೋಗ್ತಾ ಇದನ್ನೇ ಹೇಳ್ತಿದ್ರು ಕಣಮ್ಮ" ಎಂದ ಪಕ್ಕದಲ್ಲಿದ್ದ ಮುದಿ ಪ್ಲಂಬರ್ ನಾರ್ಮನ್. ಅವನ ಅಜ್ಜ ಹಾಡಿದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಎದುರಿಗೆ ಮೈಕು ಇತ್ತು.

"ತಾಳಿ, ಸಾಕ್ಷಿ ತರ್ತೀನಿ!" ಎಂದು ಆಂಬ್ರೋಸ್ ಮನೆಗೆ ಓಡಿ, ಹಾಡು ಬರೆದ ಹಾಳೆ ಹಿಡಿದು ಏದುಸಿರು ಬಿಡುತ್ತ ಬಂದ. ಆಲ್ಬಮ್ಮಿನ ಮುಖಪುಟಕ್ಕೆಂದು ಆ ಹಾಳೆಯನ್ನು ಹಳೇ ಕಾಲದ್ದರಂತೆ ಕಾಣಲಿ ಎಂದು ಅವನೇ ಚಹಾದಲ್ಲಿ ಅದ್ದಿ, ಅಂಚು ಸುಟ್ಟು, ಬಾತುಕೋಳಿಯ ಗರಿಯಿಂದ ಬರೆದಿದ್ದ.

ಫಿಲಿಪಾ ಅದನ್ನು ಕರವಸ್ತ್ರದಲ್ಲಿ ಹಿಡಿದಳು. "ಯಾರೂ ಮುಟ್ಟಬೇಡಿ! ನೂರೈವತ್ತು ವರ್ಷಕ್ಕೆ ಕಮ್ಮಿ ಇಲ್ಲ ಇದು."

"ಅದು ಚಹಾ ಕಣ್ರೀ! ನಾನೇ ಹಾಕಿದ್ದು!"

ಪಬ್ಬೆಲ್ಲ ಅವನತ್ತ ತಿರುಗಿತು.

"ಥೂ! ಅಂಥಾ ಹಳೇ ಕಾಗದಕ್ಕೆ ಚಹಾ ಚೆಲ್ಲಿದ್ಯಾ?" ಎಂದ ನಾರ್ಮನ್. "ಈ ದಕ್ಷಿಣದೋರಿಗೆ ಯಾವುದರ ಬೆಲೆನೂ ಗೊತ್ತಿಲ್ಲಪ್ಪ."

"ಅಯ್ಯೋ, ಬರೆದೋನೇ ನಾನು!"

ಫಿಲಿಪಾ ಗೋಡೆಯ ಮೇಲಿದ್ದ ಪೋಸ್ಟರಿಗೆ ಬೆರಳು ತೋರಿಸಿದಳು. "ಬರೆಯೋದೇ ಇಲ್ಲ ಅಂತ ನೀವೇ ಅಚ್ಚು ಹಾಕ್ಸಿದೀರಲ್ಲ?" ಆಮೇಲೆ ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಸಾಂಪ್ರದಾಯಿಕ ಗೀತೆ, ಕರ್ತೃ ಯಾರೆಂದು ತಿಳಿಯದು, ಹಾಡಿದವರು ಶ್ರೀಮತಿ ಎಡ್ನಾ.

ಅಜ್ಜಿಗೆ ಕರುಳು ಚುರುಕ್ ಎಂದಿತು. "ಹಿಂದೆ ಗಿಟಾರ್ ಬಾರಿಸೋಕೆ ಇವನನ್ನೂ ಸೇರಿಸ್ಕೊಳ್ಳಮ್ಮ. ಮೂರನೇ ನುಡೀಲಿ ತಪ್ತಾನೆ, ನಾನು ಹೇಳ್ಕೊಡ್ತೀನಿ."

ಆಂಬ್ರೋಸ್ ಮನೆಗೆ ಬಂದು ಟೋಪಿ ಬಿಸಾಡಿದ. ಆ ಸಿಟ್ಟಿನಲ್ಲೇ ಗಿಟಾರ್ ಎತ್ತಿಕೊಂಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಜಕ್ಕೂ ಚೆಂದದ ಒಂದು ಧಾಟಿ ಬಂತು. ಅವನಿಗೇ ನಂಬಲಾಗಲಿಲ್ಲ. ಕಣ್ಣೊರೆಸಿಕೊಂಡು ಎರಡು ಸಾಲು ಹಾಡಿದ.

ಆಚೆಯಿಂದ ಗೋಡೆಗೆ ಟಕ್ ಟಕ್ ಎಂದು ಚಾಕುವಿನ ಹಿಡಿ ತಾಗಿತು.

"ಸ್ವಲ್ಪ ನಿಧಾನಕ್ಕೆ ಹೇಳೋ ಮರಿ, ಮೊದಲನೇ ಸಾಲೇ ಇನ್ನೂ ಬಾಯಿಗೆ ಬಂದಿಲ್ಲ."