ಅಂಬಾಸಿಡರಿನ ಹುಟ್ಟುಬಣ್ಣ

ರಾಶಿ ರಾಶಿ ಮದುವೆ ಆಲ್ಬಂ ತಿರುವಿ ಹಾಕಿಯೂ ಒಬ್ಬ ಮದುಮಗಳ ಮುಖವನ್ನೂ ನೋಡದ ಮನುಷ್ಯ ನಮ್ಮ ಪುತ್ತೂರು ಸೀಮೆಯಲ್ಲಿದ್ದರೆ ಅದು ನನ್ನ ಸೋದರಮಾವ ಮಾತ್ರ. ಅವರು ನೋಡುತ್ತಿದ್ದದ್ದು ಕಾರನ್ನು!

ಮಾಸ್ತರಿಕೆಯಿಂದ ನಿವೃತ್ತರಾದ ವರ್ಷವೇ, ನೆಲ್ಯಾಡಿಯ ಶೆಡ್ಡೊಂದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಅಂಬಾಸಿಡರನ್ನು ಮನೆಗೆ ತಂದರು. ರಿಪೇರಿ ಮಾಡಿ ಓಡಿಸಿದರೆ ಮುಗಿಯಿತಲ್ಲ? ಊಹೂಂ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಆಗಬೇಕು. ಮಂಗಳೂರಿನ ಹಳೇ ಕಾರುಗಳ ಪ್ರದರ್ಶನದಲ್ಲಿ ತೀರ್ಪುಗಾರರು ಒಂದೊಂದು ಸ್ಕ್ರೂ ನೋಡಿ ಅಂಕ ಕಳೆಯುತ್ತಾರಂತೆ. ಜೀವಮಾನವಿಡೀ ಮಕ್ಕಳ ಅಂಕ ಕಳೆದವರಿಗೆ ಈ ಭಯ ಹುಟ್ಟಿದ್ದು ಅವರ ಹಳೆಯ ಶಿಷ್ಯನಾದ ನನಗೆ ಒಳಗೊಳಗೇ ಖುಷಿ.

ಮೊದಲು ಬಣ್ಣ. ಮೆಲ್ಲಗೆ ಉಜ್ಜಿದರೆ ಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಪ್ಪು, ಅದರಡಿ ಬೂದಿಯೋ ನೀಲಿಯೋ ತಿಳಿಯದ ಒಂದು. ಕಡಬದಲ್ಲಿ ಮೊದಲ ಯಜಮಾನರ ಮನೆ ಹುಡುಕಿಕೊಂಡು ಹೋದರು. ಅಲ್ಲಿನ ಅಜ್ಜಿ ಬೂದಿ ಅಂದರು, ಅವರ ಮೈದುನ ನೀಲಿ ಅಂದರು. ಮಾವ ಚಹಾ ಕುಡಿದು ಹೊರಡುವಾಗ ಅವರಿಬ್ಬರ ನಡುವೆ ಮಾತುಕತೆ ನಿಂತೇ ಹೋಗಿತ್ತು.

ಆ ಕಾಲದಲ್ಲಿ ಸುತ್ತಲಿನ ಮದುವೆಗಳಿಗೆಲ್ಲ ಇದೇ ಕಾರು ಹೋಗುತ್ತಿತ್ತೆಂದು ಗೊತ್ತಾದದ್ದೇ ಆಲ್ಬಂ ಬೇಟೆ ಶುರು. ಬೆಟ್ಟಂಪಾಡಿಯಲ್ಲಿ ಒಬ್ಬರು ಪ್ರೀತಿಯಿಂದ ತಮ್ಮ ಅಜ್ಜ-ಅಜ್ಜಿಯ ಮದುವೆ ಪಟ ತೋರಿಸಿದರೆ, "ನಿಮ್ಮ ಅಜ್ಜಿ ಒಂಚೂರು ಆಚೆ ನಿಂತಿದ್ದರೆ ಹೆಡ್‌ಲೈಟ್ ಪೂರಾ ಕಾಣ್ತಿತ್ತು" ಅಂದರಂತೆ. ಪಟಗಳೆಲ್ಲ ಕಪ್ಪು-ಬಿಳುಪು, ಅವುಗಳಲ್ಲಿ ಬಣ್ಣ ಸಿಗುವುದಿಲ್ಲ ಎಂಬುದು ಅವರಿಗೆ ಹೊಳೆದದ್ದು ಇಪ್ಪತ್ತನೇ ಆಲ್ಬಮ್ಮಿಗೆ. ಕೊನೆಗೆ ಡ್ಯಾಶ್‌ಬೋರ್ಡಿನ ಹಿಂದೆ, ಯಾವ ಪೇಂಟರನ ಬ್ರಶ್ಶೂ ತಲುಪದ ಮೂಲೆಯಲ್ಲಿ, ತಿಳಿನೀಲಿ ಹಾಗೆಯೇ ಕೂತಿತ್ತು. ಇಡೀ ಕಾರಿಗೆ ಅದನ್ನೇ ಹೊಡೆಸಿದರು.

ಆಮೇಲೆ ಸ್ಕ್ರೂಗಳ ಸರದಿ. ಆಗಿನ ಕಾಲದ್ದೇ ಬೇಕೆಂದು ಹಟ ಹಿಡಿದಾಗ ಸುಳ್ಯದ ಮೆಕ್ಯಾನಿಕ್ ಕೈಮುಗಿದ: "ಸ್ಟಾರ್ಟ್ ಆಗುವಾಗ ಕಾರು ಸ್ಕ್ರೂವಿನ ಜಾತಕ ಕೇಳುದಿಲ್ಲ ಮಾರಾಯ್ರೆ."

ಕೇಳಲಿ, ಬಿಡಲಿ, ಮಾವ ಹುಡುಕಿ ಹಾಕಿಸಿದರು. ಪ್ರದರ್ಶನಕ್ಕೆ ಒಂದು ವಾರ ಇರುವಾಗ ಕಾರನ್ನು ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, ತೋರಿಸಲು ತಂದರು. ಲಕ್ವ ಹೊಡೆದು ಅಮ್ಮನ ಬಲಭಾಗ ಸೋತು ವರ್ಷವಾಗಿತ್ತು. ನನ್ನ ತಗ್ಗಿನ ಕಾರಿಗೆ ಇಬ್ಬರು ಎತ್ತಿ ಕೂರಿಸಬೇಕು. ಹಾಗೆ ಎತ್ತಿಸಿಕೊಳ್ಳುವುದು ಅವರಿಗೆ ಆಗದು. ಹಾಗಾಗಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ಅಂಬಾಸಿಡರಿನ ಎತ್ತರದ ಸೀಟು ನೋಡಿ ಆಸೆಯಾಯಿತೋ ಏನೋ, ಎಡಗೈ ಬಾಗಿಲ ಬಳಿ ಹಿಡಿಯಲು ಏನಾದರೂ ಉಂಟೋ ಎಂದು ತಡಕಾಡಿತು. ಏನೂ ಇರಲಿಲ್ಲ. "ಚಂದ ಉಂಟು" ಎಂದಷ್ಟೇ ಹೇಳಿ ಕುರ್ಚಿಗೆ ಮರಳಿದರು. ಮಾವ ಬಾಗಿಲ ಚೌಕಟ್ಟನ್ನೊಮ್ಮೆ ಸವರಿ ನೋಡಿ ಹೊರಟರು.

ನಾಲ್ಕನೇ ದಿನ ಮತ್ತೆ ಬಂದರು. ಆ ತಿಳಿನೀಲಿಯ ಮೇಲೆಯೇ ತೂತು ಕೊರೆದು, ಬಾಗಿಲ ಚೌಕಟ್ಟಿಗೆ ಬಸ್ಸುಗಳಲ್ಲಿ ಇರುವಂಥ ಸ್ಟೀಲ್ ಹಿಡಿಕೆ ಹಾಕಿಸಿದ್ದರು. ಅಂಕ ಹೋಗ್ತದಲ್ಲ ಮಾವ, ಅಂದೆ.

"ಹೋಗ್ಲಿ," ಎಂದು ಅಮ್ಮನ ಕಡೆ ತಿರುಗಿದರು. "ಅಕ್ಕಾ, ಎಡಗೈಯಲ್ಲಿ ಇದನ್ನು ಹಿಡ್ಕೊ."

ಅಮ್ಮ ಹಿಡಿದರು. ಯಾರೂ ಎತ್ತಲಿಲ್ಲ. ತಾವೇ ಹತ್ತಿ, ಸೆರಗು ಸರಿಮಾಡಿ ನೆಟ್ಟಗೆ ಕೂತರು. ಉಪ್ಪಿನಂಗಡಿಯಲ್ಲಿ ಹೊಳೆ ಕಾಣುವಲ್ಲಿ ಮಾವ ಕಾರು ನಿಲ್ಲಿಸಿದರು. ನಾನು ಹಿಂದೆ ಕೂತಿದ್ದೆ. ಅಮ್ಮ ಬಹಳ ಹೊತ್ತು ನೀರು ನೋಡಿ, ತಮ್ಮನಿಗೆ ಮೆಲ್ಲಗೆ ಹೇಳಿದರು:

"ಇನ್ನೂ ಸ್ವಲ್ಪ ದೂರ ಹೋಗುವ."