ಪೂರ್ವಸ್ಥಿತಿಯ ಸಂರಕ್ಷಣೆ

ಮಗುವಿನ ಮೆದುಳಿಗೆ ಪೆಟ್ಟು ಬಿದ್ದಿದೆಯೆಂದು ನ್ಯಾಯಾಲಯದಲ್ಲಿ ಸಾಬೀತಾಗಬೇಕಾದರೆ ಆ ಮಗುವನ್ನು ಎರಡು ಸಲ ಪರೀಕ್ಷಿಸತಕ್ಕದ್ದು: ಪೆಟ್ಟು ಬೀಳುವುದಕ್ಕೆ ಮುಂಚೆ ಒಮ್ಮೆ, ಬಿದ್ದ ಮೇಲೆ ಒಮ್ಮೆ. ಮಕ್ಕಳ ನರಮನೋವೈಜ್ಞಾನಿಕ ನ್ಯಾಯ ಮೌಲ್ಯಮಾಪನ ಕೇಂದ್ರದ ನಿಯಮಾವಳಿಯಲ್ಲಿ ಇದು ಮೊದಲನೆಯ ಪುಟದಲ್ಲೇ ಇದೆ. ಆದರೂ ಸಾರ್ವಜನಿಕರು ಎರಡನೆಯ ಪರೀಕ್ಷೆಗೆ ಮಾತ್ರ ಬರುತ್ತಾರೆ. ಇದನ್ನು ದೂರದೃಷ್ಟಿಯ ಕೊರತೆಯೆಂದು ಪರಿಗಣಿಸಿದ ಕೇಂದ್ರವು, ಕಾಯುವ ಕೋಣೆಯ ಗೋಡೆಗೆ ಪ್ರಕಟಣೆಯೊಂದನ್ನು ಅಂಟಿಸಿತ್ತು: "ಪೋಷಕರ ಗಮನಕ್ಕೆ. ಅಪಘಾತಕ್ಕೆ ಕನಿಷ್ಠ ಮೂವತ್ತು ದಿನ ಮುಂಚಿತವಾಗಿ ಹೆಸರು ನೋಂದಾಯಿಸತಕ್ಕದ್ದು."

ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಹೆಂಗಸೊಬ್ಬಳು ಈ ಪ್ರಕಟಣೆಯ ಕೆಳಗೇ, ತನ್ನ ಹಿರಿಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಬೆಳಗ್ಗೆ ಕಾಯುತ್ತಿದ್ದಳು. ಎರಡು ವರ್ಷದ ಹಿಂದೆ, ಹುಡುಗಿಗೆ ಎಂಟು ತುಂಬಿದ್ದಾಗ, ಶಾಲೆಯ ಗ್ರಂಥಾಲಯದ ಕಪಾಟು ಅವಳ ತಲೆಯ ಮೇಲೆ ಮಗುಚಿಬಿದ್ದಿತ್ತು. ಅಂದಿನಿಂದ ಪದಗಳು ಅವಳಿಗೆ ಕೈಕೊಡುತ್ತಿದ್ದವು. ಕತ್ತರಿಯನ್ನು "ಕತ್ತರಿಸೋದು" ಅನ್ನುತ್ತಿದ್ದಳು. ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೂರನೆಯದು ಕಿವಿಗೆ ಬೀಳುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು. ನಲ್ಲಿಗೆ ಹೋದವಳು ತನ್ನ ತರಗತಿಗೆ ದಾರಿ ಹುಡುಕುತ್ತಿದ್ದಳು. ಪೆಟ್ಟು ಸಾಬೀತಾದರೆ ಶಾಲೆಯ ವಿಮಾ ಸಂಸ್ಥೆ ಅವಳ ಪಕ್ಕ ಕೂರಲು ಒಬ್ಬ ಸಹಾಯಕ ಶಿಕ್ಷಕಿಯನ್ನು ಕೊಡಬೇಕು. ಇಲ್ಲವಾದರೆ ಶಾಲೆ ಹೊಸ ವರ್ಷದ ಹಾಜರಿ ಪುಸ್ತಕದಿಂದ ಅವಳ ಹೆಸರು ತೆಗೆಯುತ್ತದೆ. ತಾಯಿಗೆ ಬೇಕಾಗಿದ್ದದ್ದು ಆ ಶಿಕ್ಷಕಿ ಒಬ್ಬಳೇ.

ಪ್ರಕರಣ ಕಿರಿಯ ಪರೀಕ್ಷಕಿಯ ಪಾಲಿಗೆ ಬಂತು. ಪೆನ್ಸಿಲುಗಳನ್ನೆಲ್ಲ ಒಂದೇ ಉದ್ದಕ್ಕೆ ಕೆತ್ತಿಟ್ಟುಕೊಳ್ಳುವ ಹೆಣ್ಣುಮಗಳು ಅವಳು. ಕೇಂದ್ರದ ಸಂಸ್ಥಾಪಕರು ಮಗು ಪೆನ್ಸಿಲ್ ಹಿಡಿಯುವ ರೀತಿ ನೋಡಿಯೇ ಮೆದುಳಿನ ಯಾವ ಭಾಗಕ್ಕೆ ಏಟಾಗಿದೆಯೆಂದು ಹೇಳುತ್ತಿದ್ದರಂತೆ. ನಲವತ್ತು ವರ್ಷದಲ್ಲಿ ಅವರ ಒಂದು ವರದಿಯನ್ನೂ ನ್ಯಾಯಾಲಯ ತಳ್ಳಿಹಾಕಿರಲಿಲ್ಲವಂತೆ. ಅವರಿಂದ ಕಲಿಯೋಣವೆಂದು ಪರೀಕ್ಷಕಿ ಒಂದು ವಾರ ದಾಖಲೆ ಕೋಣೆಯ ಧೂಳು ಕುಡಿದು ಹುಡುಕಿದ್ದಳು. ಅವರ ಒಂದು ವರದಿಯೂ ಸಿಕ್ಕಿರಲಿಲ್ಲ. ಅಲ್ಲಿಗೆ ಪ್ರತೀತಿಯಲ್ಲಿ ಸುಳ್ಳೇನೂ ಇರಲಿಲ್ಲ.

ಅವಳು ಹಿರಿಯವಳನ್ನು ಎರಡು ದಿನ ಪರೀಕ್ಷಿಸಿದಳು. ಹುಡುಗಿ ಹುಟ್ಟಾ ತಾಳ್ಮೆಯವಳು. ಮರೆತ ಪದಕ್ಕಾಗಿ ಬಾವಿಗಿಳಿದವಳ ಹಾಗೆ ಕಣ್ಣು ಮುಚ್ಚಿ ಹುಡುಕಿ, ಬೆವರಿ, ಎಪ್ಪತ್ತೊಂದು ಅಂಕ ಗಳಿಸಿದಳು.

"ಮುಂಚಿನ ಅಂಕ ಎಷ್ಟು?" ಎಂದು ಮುಖ್ಯ ಮೌಲ್ಯಮಾಪಕರು ಕೇಳಿದರು.

"ಮುಂಚೆ ಪರೀಕ್ಷೆ ಆಗಿಲ್ಲ ಸಾರ್."

"ಹಾಗಾದರೆ ಎಪ್ಪತ್ತೊಂದರಿಂದ ಏನು ಕಳೆಯೋಣ? ಮನೇಲಿ ಇನ್ನೊಂದು ಮಗು ಇದೆಯಾ?"

ಇತ್ತು. ಕಿರಿಯವಳು, ಪುಟ್ಟಿ, ಆ ತಿಂಗಳಷ್ಟೇ ಎಂಟು ದಾಟಿದ್ದಳು. ಕಡತ ಕೇಂದ್ರಕ್ಕೆ ಬರಲು ಎರಡು ವರ್ಷ ಹಿಡಿದಿದ್ದರ ಹಿಂದಿನ ಅನುಕೂಲ ಆಗ ಎಲ್ಲರ ಅರಿವಿಗೆ ಬಂತು. ಕಲಂ ಹದಿನಾಲ್ಕರ ಪ್ರಕಾರ, ಮಗುವಿನ ಪೂರ್ವಸ್ಥಿತಿ ಖುದ್ದಾಗಿ ಹಾಜರಾಗದಿದ್ದಲ್ಲಿ, ಅದೇ ಮನೆಯ ಅದೇ ವಯಸ್ಸಿನ ಮಗುವನ್ನು ಪೂರ್ವಸ್ಥಿತಿಯೆಂದೇ ಭಾವಿಸತಕ್ಕದ್ದು.

"ಇವಳು ಅವಳಲ್ಲವಲ್ಲ ಸಾರ್," ಎಂದಳು ಪರೀಕ್ಷಕಿ.

"ನಿಯಮದಲ್ಲಿ ಅವಳೇ. ಸಂಸ್ಥಾಪಕರಿದ್ದಿದ್ದರೂ ಇದನ್ನೇ ಮಾಡ್ತಿದ್ರು."

ಪುಟ್ಟಿ ಬಂದಳು. ಕುರ್ಚಿ ಹತ್ತಿ ಕೂತು ಮೇಜಿನ ಮೇಲಿದ್ದದ್ದನ್ನೆಲ್ಲ ಒಂದು ಸಲ ಮುಟ್ಟಿ ನೋಡಿದಳು.

"ಇವತ್ತು ನೀನು ನಿಮ್ಮಕ್ಕ," ಎಂದು ಪರೀಕ್ಷಕಿ ನಿಗದಿತ ವಾಕ್ಯ ಓದಿದಳು. "ಎರಡು ವರ್ಷದ ಹಿಂದಿನ ಅಕ್ಕ."

"ಹಾಗಾದ್ರೆ ನಾನೆಲ್ಲಿರ್ತೀನಿ?"

ಕೈಪಿಡಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ನಿನಗಾಗ ಆರು ವರ್ಷ. ಮನೇಲಿರ್ತೀಯ."

"ಒಬ್ಬಳೇನಾ?" ಪುಟ್ಟಿ ಸ್ವಲ್ಪ ಯೋಚಿಸಿದಳು. "ಆಂಟಿ, ಕಪಾಟು ಇನ್ನೂ ಬಿದ್ದಿಲ್ವಾ?"

"ಇನ್ನೂ ಇಲ್ಲ."

"ಸರಿ ಬಿಡಿ. ಆ ದಿನ ನಾನು ಲೈಬ್ರರಿಗೇ ಹೋಗಲ್ಲ."

ಪರೀಕ್ಷಕಿ ಷರಾ ಅಂಕಣದಲ್ಲಿ ಬರೆಯಲು ಪೆನ್ಸಿಲ್ ಎತ್ತಿದಳು. ಬರೆಯದೆ ಕೆಳಗಿಟ್ಟು ಘನಗಳ ಡಬ್ಬಿ ತೆರೆದಳು. ಸ್ಟಾಪ್‌ವಾಚ್ ಓಡುತ್ತಿತ್ತು. ಬಣ್ಣದ ಘನಗಳನ್ನು ಚಿತ್ರದಲ್ಲಿದ್ದಂತೆ ಜೋಡಿಸೆಂದರೆ ಪುಟ್ಟಿ ಮನೆ ಕಟ್ಟಿದಳು. ಕೆಡವಿ ಬೇರೆ ಮಾಡು ಎಂದರೆ, "ಒಳಗೆ ಜನ ಇದಾರೆ," ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಅವಳ ಅಂಕ ಅರವತ್ತನಾಲ್ಕು.

ಕೇಂದ್ರದ ವರದಿ ಸ್ಪಷ್ಟವಾಗಿತ್ತು: ಕಪಾಟು ಬಿದ್ದ ಪರಿಣಾಮವಾಗಿ ಮಗುವಿನಲ್ಲಿ ಏಳು ಅಂಕಗಳ ಪ್ರಗತಿ ಕಂಡುಬಂದಿದೆ.

ವಿಮೆಯ ವಕೀಲ ನ್ಯಾಯಾಲಯದಲ್ಲಿ ಸೌಜನ್ಯದಿಂದಲೇ ನಡೆದುಕೊಂಡ. "ಈ ಪ್ರಗತಿಗೆ ನಮ್ಮ ಕಕ್ಷಿದಾರರು ಯಾವ ಪ್ರತಿಫಲವನ್ನೂ ಕೇಳುತ್ತಿಲ್ಲ, ಸ್ವಾಮಿ. ಅದು ಅವರ ದೊಡ್ಡತನ."

ತಾಯಿ ಎದ್ದುನಿಂತಳು. "ನನ್ನ ದೊಡ್ಡ ಮಗಳು ಎಂಟನೇ ವಯಸ್ಸಿಗೆ ಕ್ಲಾಸಿಗೇ ಮೊದಲು ಬರ್ತಿದ್ಲು ಸ್ವಾಮಿ. ಇವಳು ಪುಟ್ಟಿ. ಇವಳ ತಲೆ ಇರೋದೇ ಹೀಗೆ. ಒಂದೇ ಹೊಟ್ಟೇಲಿ ಹುಟ್ಟಿದ್ದು ಅಂತ ಒಬ್ಬಳನ್ನ ಇನ್ನೊಬ್ಬಳ ಲೆಕ್ಕಕ್ಕೆ ಹಿಡಿಯೋದಾ?"

"ಪೂರ್ವಸ್ಥಿತಿಯ ಬಗ್ಗೆ ಪೋಷಕರಿಗೆ ಅಭಿಮಾನವಿರುವುದು ಸಹಜ," ಎಂದು ನ್ಯಾಯಾಧೀಶರು ದಾಖಲಿಸಿಕೊಂಡರು.

ದಾವೆ ವಜಾ ಆದ ಮೇಲೆ ತಾಯಿ ಮೇಲ್ಮನವಿ ಹಾಕಿದಳು. ಮೇಲ್ಮನವಿ ಇತ್ಯರ್ಥವಾಗುವ ತನಕ ಸಾಕ್ಷ್ಯ ಕೆಡಬಾರದೆಂಬುದು ಎಲ್ಲ ನ್ಯಾಯಾಲಯಗಳಿಗೂ ಒಪ್ಪಿತವಾದ ತತ್ವ. ಆದ್ದರಿಂದ ಆದೇಶ ಹೊರಟಿತು: ಪೂರ್ವಸ್ಥಿತಿಯನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳತಕ್ಕದ್ದು. ಏಳರ ಮಗ್ಗಿಯಿಂದ ಮುಂದಕ್ಕೆ ಕಲಿಸಕೂಡದು. ದಾಖಲೆಯಲ್ಲಿ ಅದರ ವಯಸ್ಸು ಎಂಟನ್ನು ಮೀರಕೂಡದು. ಕೇಂದ್ರದವರು ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡತಕ್ಕದ್ದು.

ಶಾಲೆಯ ಮುಖ್ಯೋಪಾಧ್ಯಾಯಿನಿ ಕರುಣೆಯುಳ್ಳವರು. ಮೇಲ್ಮನವಿ ನಡೆಯುತ್ತಿರುವಾಗ ಹಿರಿಯವಳ ಹೆಸರು ತೆಗೆದರೆ ನ್ಯಾಯಾಂಗ ನಿಂದನೆಯಾದೀತು, ಐದನೆಯಲ್ಲಿ ಕೂರಿಸಿದರೆ ಅವಳು ಏಗಲಾರಳು ಎಂದು ತೂಗಿ ನೋಡಿ, ಅವಳನ್ನೂ ಮೂರಕ್ಕೇ ಇಳಿಸಿ ಅದೇ ಬೆಂಚಿನಲ್ಲಿ ಕೂರಿಸಿದರು.

ಮೊದಲ ತಪಾಸಣೆಗೆ ಪರೀಕ್ಷಕಿ ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು. ಟೀಚರು, "ಪುಸ್ತಕ ತೆಗೀರಿ, ಗೆರೆ ಹಾಕಿ, ತಾರೀಖು ಬರೀರಿ," ಎಂದರು. ಹಿರಿಯವಳು ಪುಸ್ತಕ ತೆಗೆದು ಸುಮ್ಮನಾದಳು.

"ಗೆರೆ," ಎಂದಳು ಪುಟ್ಟಿ, ತುಟಿ ಅಲುಗದ ಹಾಗೆ. ಅಕ್ಕ ಗೆರೆ ಎಳೆದಳು. "ಈಗ ತಾರೀಖು. ಅಲ್ಲಲ್ಲ, ಮೇಲೆ."

ನೀರಿನ ಬಿಡುವಿನಲ್ಲಿ ಅಕ್ಕ ನಲ್ಲಿಯ ಹತ್ತಿರ ಎಡಬಲ ನೋಡುತ್ತ ನಿಂತಿದ್ದಳು. ಪುಟ್ಟಿ ಅವಳ ಲಂಗದ ಅಂಚು ಹಿಡಿದು ಎಳೆದು, "ಬಾರೇ, ನಮ್ಮ ಕ್ಲಾಸು ಇನ್ನೂ ಅಲ್ಲೇ ಇದೆ," ಎಂದು ತರಗತಿಯ ಕಡೆ ನಡೆಸಿದಳು.

ಪರೀಕ್ಷಕಿ ಒಂದನ್ನೂ ಬಿಡಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಹಿರಿಯವಳಿಗೆ ನಲವತ್ತಮೂರು ಸಲ ನೆರವು ಬೇಕಾಯಿತೆಂದು ಸಮಯಸಹಿತ ಬರೆದಳು. ಶಿಕ್ಷಕಿಯ ಅಗತ್ಯ ಇದಕ್ಕಿಂತ ಸ್ಪಷ್ಟವಾಗಲು ಸಾಧ್ಯವಿಲ್ಲವೆಂದು ಆ ದಿನ ಹಗುರವಾದ ಮನಸ್ಸಿನಿಂದ ವರದಿಗೆ ಸಹಿ ಹಾಕಿದಳು.

ಕೇಂದ್ರ ಅವಳ ಶ್ರದ್ಧೆಯನ್ನು ಮೆಚ್ಚಿ ಅಂತಿಮ ಅಭಿಪ್ರಾಯ ನೀಡಿತು: "ಮಗುವಿಗೆ ಅದರ ಪೂರ್ವಸ್ಥಿತಿಯೇ ದಿನಕ್ಕೆ ನಲವತ್ತಮೂರು ಬಾರಿ ನೆರವಾಗುತ್ತಿರುವುದರಿಂದ, ಪ್ರತ್ಯೇಕ ಶಿಕ್ಷಕಿಯ ಅವಶ್ಯಕತೆ ಕಂಡುಬರುವುದಿಲ್ಲ."

ಪ್ರತಿಯನ್ನು ಪರೀಕ್ಷಕಿಯೇ ಅಂಚೆ ಕಚೇರಿಗೆ ಒಯ್ದಳು. ತಾಯಿ ತಕ್ಕಡಿಯ ಪಕ್ಕ ನಿಂತು ಎರಡು ಸಲ ಓದಿದಳು.

"ನಾನು ಬರೆದದ್ದು ಬೇರೆ ಅರ್ಥದಲ್ಲಿ," ಎಂದಳು ಪರೀಕ್ಷಕಿ.

"ಗೊತ್ತಮ್ಮ. ಈಗ ಮೇಲ್ಮನವಿ ಸೋತ್ರೆ ಏನಾಗುತ್ತೆ?"

"ಪುಟ್ಟಿ ನಾಲ್ಕನೇ ಕ್ಲಾಸಿಗೆ ಹೋಗ್ತಾಳೆ."

"ಗೆದ್ರೆ?"

"ಪುಟ್ಟಿ ಪೂರ್ವಸ್ಥಿತಿ ಅಲ್ಲ ಅಂತಾಗುತ್ತೆ. ಆಗಲೂ ನಾಲ್ಕಕ್ಕೇ. ದೊಡ್ಡವಳ ಪರೀಕ್ಷೆ ಮತ್ತೆ ಮೊದಲಿಂದ."

"ಮತ್ತೆ ಅಷ್ಟು ದಿನ ದೊಡ್ಡವಳ ಪಕ್ಕ ಯಾರು?"

ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ತಾಯಿ ಅವರ ಪಾರ್ಸೆಲ್ ತೂಗಿ, ಮುದ್ರೆ ಒತ್ತಿ, ಆಮೇಲೆ ಕೇಳಿದಳು: "ವಾಯಿದೆ ಕೇಳೋ ಫಾರಂ ಎಲ್ಲಿ ಸಿಗುತ್ತೆ?"

ಅಂದಿನಿಂದ ಪ್ರತಿ ವಿಚಾರಣೆಯಲ್ಲೂ ತಾಯಿ ವಾಯಿದೆ ಕೇಳುತ್ತಾಳೆ, ಮೇಲ್ಮನವಿ ಮುಂದಕ್ಕೆ ಹೋಗುತ್ತದೆ. ವಿಮೆಯ ವಕೀಲನ ಆಕ್ಷೇಪಣೆಯಿಲ್ಲ. ಮೇಲ್ಮನವಿದಾರಳು ಇಷ್ಟು ಸಹಕರಿಸುವುದು ಅಪರೂಪವೆಂದು ನ್ಯಾಯಾಧೀಶರು ಒಮ್ಮೆ ಶ್ಲಾಘಿಸಿದ್ದೂ ಉಂಟು.

ಏಳನೆಯ ತಪಾಸಣೆಯ ಹೊತ್ತಿಗೆ ಪುಟ್ಟಿಯ ಮೊಣಕಾಲು ಬೆಂಚಿನ ಅಡಿಗೆ ತಾಗುತ್ತಿತ್ತು. ಪರೀಕ್ಷಕಿ ನಮೂನೆ ಬಿಡಿಸಿ ಮೊದಲ ಪ್ರಶ್ನೆ ಓದಿದಳು.

"ನಿನಗೆಷ್ಟು ವರ್ಷ?"

ಪುಟ್ಟಿ ಬಾಯಿ ತೆರೆದು, ತಡೆದಳು. ಅಕ್ಕ ಕಣ್ಣು ಮುಚ್ಚಿ ಒಳಗೆಲ್ಲೋ ತಡಕಾಡಿದಳು. ಅವಳಿಗೆ ಸಮಯ ಹಿಡಿಯಿತು, ಪರೀಕ್ಷಕಿ ಕಾದಳು. ಕೊನೆಗೆ ಅಕ್ಕ ತಂಗಿಯ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಎಂಟು ಅನ್ನು."

"ಎಂಟು," ಎಂದಳು ಪುಟ್ಟಿ.

ಪರೀಕ್ಷಕಿ ಎಂಟು ಎಂದು ದುಂಡಗೆ ಬರೆದುಕೊಂಡಳು. ಸಾಕ್ಷ್ಯ ಸುಸ್ಥಿತಿಯಲ್ಲಿತ್ತು.