ಕಾಯಿಲೆ ಒಡೆಯುತ್ತಿದ್ದ ನನ್ನ ಮಾವ

ನನ್ನ ಸೋದರಮಾವನ ಬಾಯಿಗೆ ಸಿಕ್ಕ ಯಾವ ಕಾಯಿಲೆಯೂ ಇಡಿಯಾಗಿ ಉಳಿದದ್ದಿಲ್ಲ! ಗುಣಪಡಿಸುತ್ತಿದ್ದ ಎಂದುಕೊಂಡಿರಾ? ರಾಮ ರಾಮಾ! ಶಿರಸಿಯ ಕನ್ನಡ ಶಾಲೆಯ ಮಾಸ್ತರನಾದ ಅವನಿಗೆ ನೆಗಡಿಗೆ ಕಷಾಯ ಕುದಿಸಲೂ ಬರುತ್ತಿರಲಿಲ್ಲ. ಮೂವತ್ತರ ದಶಕದ ಮಾತು. ವರ್ಗವಾಗಿ ಹೋದ ಡಾಕ್ಟರೊಬ್ಬರು ಕೊಟ್ಟ ಹಳೆಯ ನಿಘಂಟು ಇಟ್ಟುಕೊಂಡು, ಕಾಯಿಲೆಗಳ ಉದ್ದುದ್ದ ಗ್ರೀಕ್ ಹೆಸರುಗಳನ್ನು ಒಡೆದು ಅರ್ಥ ಹೇಳುತ್ತಿದ್ದ, ಅಷ್ಟೆ.

ಯಲ್ಲಾಪುರದ ಮೋಟಾರು ಓಡಿಸುವ ಸಾಹೇಬರು ಒಮ್ಮೆ ಬೆವರುತ್ತಾ ಬಂದರು. "ಡಾಕ್ಟರು ಸೆಫಾಲಾಲ್ಜಿಯಾ ಅಂದಾರ್ರೀ ಮಾಸ್ತರ, ಉಳೀತೀನೋ ಇಲ್ಲೋ?"

"ಕೆಫಾಲೆ ಅಂದ್ರೆ ತಲೆ. ಆಲ್ಗೋಸ್ ಅಂದ್ರೆ ನೋವು."

"ತಲೆನೋವು ಅಂತ ನಾನೇ ಅವರಿಗೆ ಹೇಳಿದ್ದಲ್ರೀ!"

"ಅದನ್ನೇ ಅವರು ಗ್ರೀಕಿನಲ್ಲಿ ವಾಪಸ್ ಕೊಟ್ಟಿದ್ದಾರೆ!"

ಉಚ್ಚಾರ ಸರಿಯಾಗದೆ ಅರ್ಥ ಹೇಳುವ ಪೈಕಿಯಲ್ಲ ನಮ್ಮ ಮಾವ. ಹೆಗ್ಗರಣೆಯ ಮುದುಕಿಯೊಬ್ಬಳಿಂದ "ಆರ್ಥ್ರೈಟಿಸ್" ಹೇಳಿಸಿ ಹೇಳಿಸಿ ಸುಸ್ತು ಮಾಡಿದ. ಅವಳು ಕೋಲು ಹಿಡಿದು ಎದ್ದೇಬಿಟ್ಟಳು. "ನೋವು ನನ್ನ ಹತ್ರನೇ ಇರ್ಲಿ, ಹೆಸರು ನೀವೇ ಇಟ್ಕಳಿ!" ಒಳಗೆ ಅತ್ತೆ ಬಿದ್ದು ಬಿದ್ದು ನಕ್ಕಳು.

ಆ ಅತ್ತೆಯ ಎದೆಯಲ್ಲೇ ಗಂಟು ಕಾಣಿಸಬೇಕೇ? ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು "ಕಾರ್ಸಿನೋಮಾ" ಎಂದರು, ಕೈ ಮೀರಿದೆ ಎಂದೂ ಹೇಳಿದರು. ಸಂಜೆ ಜಗಲಿಯಲ್ಲಿ ಹರಿವೆ ಸೊಪ್ಪು ಬಿಡಿಸುತ್ತಾ ಅತ್ತೆ ಕೇಳಿದಳು.

"ಡಾಕ್ಟರು ಎಂತ ಅಂದ್ರು?"

ಮಾವ ಹೆಸರಷ್ಟೇ ಹೇಳಿದ.

"ಊರವರದ್ದೆಲ್ಲ ಒಡೀತೀರಿ, ನಂದು ಬ್ಯಾಡ್ವಾ?"

"ಕಾರ್ಕಿನೋಸ್ ಅಂದ್ರೆ... ಏಡಿ."

ಕೋಲಸಿರ್ಸಿಯ ಗದ್ದೆಬದುವಿನಲ್ಲಿ ಏಡಿ ಹಿಡಿದು ಬೆಳೆದ ಅತ್ತೆಯ ಮುಖ ಅರಳಿತು. "ಅಯ್ಯ, ಏಡಿಯಾ! ಎಷ್ಟು ಸಲ ಕಚ್ಚಿಸ್ಕಂಡಿಲ್ಲ ನಾನು! ಎಳೆದ್ರೆ ಮತ್ತೂ ಬಿಗಿ ಹಿಡೀತದೆ. ಕೈ ನೀರಲ್ಲಿಟ್ಟು ಸುಮ್ನಿದ್ರೆ ತಾನೇ ಬಿಡ್ತದೆ. ಇದೂ ಬಿಡ್ತದೆ, ಅಲ್ವಾ?"

"ಬಿಡ್ತದೆ," ಎಂದ ಮಾವ. ಯಾವ ಪದಕ್ಕೂ ತಪ್ಪು ಅರ್ಥ ಹೇಳದ ಮನುಷ್ಯ! ಆ ಸುಳ್ಳೊಂದು ನಿಜವಾಗಬಾರದಿತ್ತೇ!

ಅಂದಿನಿಂದ ನಿಘಂಟು ಅಟ್ಟ ಸೇರಿತು. ಹೆಸರು ಹಿಡಿದು ಬಂದವರನ್ನು ಮಾವ ಬಾಗಿಲಿನಿಂದಲೇ ಕಳಿಸುತ್ತಿದ್ದ. ಅತ್ತೆ ಹಾಸಿಗೆ ಹಿಡಿದ ಮೇಲೆ ದಿನವೂ ಬಾವಿಯಿಂದ ತಣ್ಣೀರು ಸೇದಿ ತಂದು, ಅವಳ ಕೈಯನ್ನು ಬೋಗುಣಿಯಲ್ಲಿ ಮುಳುಗಿಸಿ, ತನ್ನ ಕೈಯನ್ನೂ ಅದರಲ್ಲೇ ಇಟ್ಟುಕೊಂಡು ಕೂರುತ್ತಿದ್ದ. ನಾನು ಮಾತಾಡಿಸಲು ಹೋದರೆ ತಲೆಯಲ್ಲಾಡಿಸುತ್ತಿದ್ದ.

"ಸುಮ್ನಿರು. ಬಿಡ್ತದೆ."